ಕಟ್ಟಡಗಳಲ್ಲಿ ಮೊಳೆ, ಬೋಲ್ಟುಗಳು ಕೈಕೊಡುವುದೇಕೆ

ಮೊಳೆ, ಸ್ಕ್ರೂ, ಬೋಲ್ಟು-ನಟ್ಟು, ರಿವೆಟ್ಟು, ಕಾಂಕ್ರೀಟಿನಲ್ಲಿ ಹೂಳುವ ಆಂಕರು, ಎರಡು ಇಟ್ಟಿಗೆ ಪದರಗಳನ್ನು ಒಟ್ಟಿಗೆ ಹಿಡಿದಿಡುವ ಕಂಬಿ: ಕಟ್ಟಡದ ಒಂದು ಭಾಗವನ್ನು ಇನ್ನೊಂದಕ್ಕೆ ಕಚ್ಚಿಸುವ ಇಂಥ ಲೋಹದ ಸಾಮಾನುಗಳಿಗೆಲ್ಲ ಸೇರಿಸಿ ಫಾಸ್ಟನರ್ ಎನ್ನುತ್ತಾರೆ. ಕಟ್ಟಡದ ಒಟ್ಟು ಖರ್ಚಿನಲ್ಲಿ ಇವುಗಳ ಪಾಲು ತೀರ ಸಣ್ಣದು. ನಕ್ಷೆಯಲ್ಲಿ ಸಿಗುವ ಜಾಗವೂ ಒಂದು ಚುಕ್ಕಿಯಷ್ಟೇ. ತೊಲೆ, ಕಂಬಗಳ ಲೆಕ್ಕ ಹಾಕುವವರು ಒಬ್ಬರು, ಬೋಲ್ಟು ಕೊಳ್ಳುವವರು ಇನ್ನೊಬ್ಬರು, ಬಿಗಿಯುವವನು ಮೂರನೆಯವನು. ಬಿಗಿದಾದ ಮೇಲೆ ಅದು ಪ್ಲಾಸ್ಟರಿನ ಹಿಂದೆಯೋ ಫಾಲ್ಸ್ ಸೀಲಿಂಗಿನ ಮೇಲೆಯೋ ಮರೆಯಾಗುತ್ತದೆ. ಕಳೆದ ಐವತ್ತು ವರ್ಷಗಳ ದೊಡ್ಡ ಅವಘಡಗಳ ತನಿಖೆಯನ್ನು ಓದುತ್ತ ಹೋದರೆ, ಲೋಹದ ದೋಷ ಅಲ್ಲಲ್ಲಿ ಸಿಗುತ್ತದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುವಾಗ ಬಿಟ್ಟುಹೋದ ಸಂಗತಿ ಮಾತ್ರ ಬಹುತೇಕ ಎಲ್ಲ ಕಡೆಯೂ ಸಿಗುತ್ತದೆ.

ಇದಕ್ಕೆ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿಗಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. 1980ರಲ್ಲಿ ತೆರೆದ ಆ ಹೋಟೆಲಿನ ಎತ್ತರದ ಒಳಾಂಗಣದಲ್ಲಿ ಎರಡನೆಯ, ಮೂರನೆಯ, ನಾಲ್ಕನೆಯ ಮಹಡಿಗಳ ಮಟ್ಟದಲ್ಲಿ ತೂಗುಹಾದಿಗಳಿದ್ದವು. ನಾಲ್ಕನೆಯ ಮಹಡಿಯ ಹಾದಿಯ ನೇರ ಕೆಳಗೆ ಎರಡನೆಯದರ ಹಾದಿ. ಮೂಲ ನಕ್ಷೆಯ ಪ್ರಕಾರ ಛಾವಣಿಯಿಂದ ಇಳಿದ ಒಂದೇ ಉಕ್ಕಿನ ಸರಳು ಮೇಲಿನ ಹಾದಿಯ ತೊಲೆಯನ್ನು ತೂರಿಕೊಂಡು ಕೆಳಗಿನದರವರೆಗೆ ಹೋಗಬೇಕಿತ್ತು; ಒಂದೊಂದು ತೊಲೆಯ ಅಡಿಗೂ ಒಂದೊಂದು ನಟ್ಟು. ಅಷ್ಟುದ್ದದ ಸರಳಿಗೆ ಎಳೆ ಕೊರೆದು, ನಟ್ಟನ್ನು ಮಹಡಿಯುದ್ದಕ್ಕೂ ತಿರುಗಿಸಿಕೊಂಡು ಹೋಗುವುದು ಕಷ್ಟದ ಕೆಲಸ. ಹಾಗಾಗಿ ಉಕ್ಕಿನ ಕೆಲಸ ವಹಿಸಿಕೊಂಡ ಫ್ಯಾಬ್ರಿಕೇಟರ ಕಡೆಯಿಂದ ಒಂದು ಬದಲಾವಣೆ ಬಂತು: ಒಂದು ಸರಳಿನ ಬದಲು ಎರಡು. ಮೊದಲನೆಯದು ಛಾವಣಿಯಿಂದ ಮೇಲಿನ ತೊಲೆಗೆ, ಎರಡನೆಯದು ಅದೇ ತೊಲೆಯ ಇನ್ನೊಂದು ತೂತಿನಿಂದ ಕೆಳಗಿನ ಹಾದಿಗೆ.

ಕಾಗದದ ಮೇಲೆ ಇದು ಅನುಕೂಲಕ್ಕೆಂದು ಮಾಡಿದ ಸಣ್ಣ ತಿದ್ದುಪಡಿ. ಆದರೆ ಮೊದಲ ಜೋಡಣೆಯಲ್ಲಿ ಮೇಲಿನ ನಟ್ಟು ತನ್ನ ಹಾದಿಯ ಭಾರವನ್ನಷ್ಟೇ ಹೊರುತ್ತಿತ್ತು. ಕೆಳಗಿನ ಹಾದಿಯ ಭಾರ ಸರಳಿನ ಮೂಲಕವೇ ಛಾವಣಿಗೆ ಹೋಗುತ್ತಿತ್ತು. ಎರಡನೆಯ ಜೋಡಣೆಯಲ್ಲಿ ಎರಡೂ ಹಾದಿಗಳ ಭಾರ ಆ ಒಂದು ನಟ್ಟಿನ ಮೇಲೆ ಬಂದು ಕೂತಿತು. ಜೊತೆಗೆ, ತೊಲೆಯನ್ನು ಎರಡು ಚಾನೆಲುಗಳ ಅಂಚನ್ನು ಎದುರುಬದುರು ಇಟ್ಟು ವೆಲ್ಡ್ ಮಾಡಿ ಪೆಟ್ಟಿಗೆಯಂತೆ ಕೂಡಿಸಿದ್ದರು. ಸರಳಿನ ತೂತು ಬಿದ್ದದ್ದು ಸರಿಯಾಗಿ ಆ ವೆಲ್ಡಿಂಗಿನ ಸಾಲಿನಲ್ಲೇ. 1981ರ ಜುಲೈ 17ರ ಸಂಜೆ, ನೃತ್ಯಕೂಟಕ್ಕೆ ಜನ ಕಿಕ್ಕಿರಿದಿದ್ದಾಗ, ತೊಲೆಯ ಅಡಿಭಾಗ ಬಾಯ್ದೆರೆದು ನಟ್ಟು ಅದರೊಳಗೆ ನುಗ್ಗಿಹೋಯಿತು. ಎರಡೂ ಹಾದಿಗಳು ಒಂದರ ಮೇಲೊಂದು ಕುಸಿದು 114 ಜನ ಸತ್ತರು, 200ಕ್ಕೂ ಹೆಚ್ಚು ಜನ ಗಾಯಗೊಂಡರು. ಅಲ್ಲಿ ಮುರಿದ ಬೋಲ್ಟಿಲ್ಲ. ಸರಳು, ನಟ್ಟು ಎರಡೂ ಗಟ್ಟಿಯಾಗಿಯೇ ಇದ್ದವು. ತನಿಖೆ ನಡೆಸಿದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಇನ್ನೂ ಕಹಿಯಾದ ಸಂಗತಿಯನ್ನು ಹೊರಗಿಟ್ಟಿತು: ಮೂಲ ನಕ್ಷೆಯ ಜೋಡಣೆಯೂ ನಗರದ ನಿಯಮ ಕೇಳುವ ಬಲದ ಸುಮಾರು ಶೇಕಡಾ 60ರಷ್ಟನ್ನು ಮಾತ್ರ ಹೊಂದಿತ್ತು. ಆ ಕೀಲಿನ ಲೆಕ್ಕವನ್ನು ಯಾರೂ ಹಾಕಿರಲೇ ಇಲ್ಲ. ವಿನ್ಯಾಸಕಾರರು ಫ್ಯಾಬ್ರಿಕೇಟರು ಮಾಡುತ್ತಾರೆಂದುಕೊಂಡರು, ಫ್ಯಾಬ್ರಿಕೇಟರು ವಿನ್ಯಾಸಕಾರರ ಮೊಹರು ಬಿದ್ದಿದೆಯಲ್ಲ ಎಂದುಕೊಂಡರು. ಹೊಣೆ ಹೊತ್ತ ಎಂಜಿನಿಯರುಗಳ ಪರವಾನಗಿಯನ್ನು ಮಿಸ್ಸೌರಿ ರಾಜ್ಯ ಕಿತ್ತುಕೊಂಡಿತು.

ಅದೇ ಊರಿನಲ್ಲಿ ಎರಡು ವರ್ಷ ಮುಂಚೆ, 1979ರ ಜೂನ್ 4ರಂದು, ಕೆಂಪರ್ ಅರೀನಾದ ಛಾವಣಿ ಬಿರುಮಳೆಯಲ್ಲಿ ಕುಸಿದಿತ್ತು. ಅದೃಷ್ಟಕ್ಕೆ ಸಭಾಂಗಣ ಖಾಲಿಯಿತ್ತು. ಹೊರಗೆ ಕಾಣುವ ದೈತ್ಯ ಉಕ್ಕಿನ ಚೌಕಟ್ಟುಗಳಿಂದ ಛಾವಣಿಯನ್ನು 42 ಕಡೆ ನೇತುಹಾಕಲಾಗಿತ್ತು. ಒಂದೊಂದು ತೂಗಿಗೂ ಅತಿ ಗಟ್ಟಿ ಜಾತಿಯ ಬೋಲ್ಟುಗಳು. ಗಾಳಿಗೆ ಛಾವಣಿ ಸುಮಾರು ಐದು ವರ್ಷ ಅಲುಗಾಡುತ್ತಲೇ ಇದ್ದುದರಿಂದ ಆ ಬೋಲ್ಟುಗಳು ಒಳಗೊಳಗೇ ದಣಿದಿದ್ದವು. ಛಾವಣಿಯ ಮೇಲೆ ನಿಂತ ಮಳೆನೀರಿನ ಭಾರಕ್ಕೆ ಒಂದು ತೂಗು ಹರಿಯಿತು, ಅದರ ಹೊರೆ ಪಕ್ಕದವಕ್ಕೆ ಬಿದ್ದು ಅವೂ ಸಾಲಾಗಿ ಹರಿದವು. ನಿಂತ ಭಾರವನ್ನು ಹೊರಲು ಸಮರ್ಥವಾದ ಬೋಲ್ಟು, ಏರಿಳಿಯುವ ಭಾರಕ್ಕೆ ತಕ್ಕದ್ದಾಗಿರಬೇಕೆಂದಿಲ್ಲ.

ಬೋಲ್ಟಿನ ಕೆಲಸವೇನು ಎಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕು. ಸರಿಯಾಗಿ ಬಿಗಿದ ಬೋಲ್ಟು ಕೂದಲೆಳೆಯಷ್ಟು ಉದ್ದಕ್ಕೆ ಜಗ್ಗಿರುತ್ತದೆ. ಹಿಂದಕ್ಕೆ ಕುಗ್ಗಲು ಅದು ಹವಣಿಸುವುದರಿಂದಲೇ ಎರಡು ತಗಡುಗಳು ಒತ್ತಿ ಕೂತಿರುತ್ತವೆ. ಆ ಒತ್ತಡ ಸಾಕಷ್ಟಿದ್ದರೆ ಹೊರಗಿನ ಭಾರ ಏರಿಳಿದರೂ ಬೋಲ್ಟಿನೊಳಗಿನ ಎಳೆತದಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ, ಹಾಗಾಗಿ ದಣಿವೂ ಕಡಿಮೆ. ಬಿಗಿ ಸಡಿಲಾದರೆ ಪ್ರತಿ ಅಲುಗಾಟವೂ ಬೋಲ್ಟಿನ ಮೇಲೆಯೇ ಬೀಳುತ್ತದೆ. ನಟ್ಟಿನೊಳಗಿನ ಮೊದಲ ಎಳೆ ಒಟ್ಟು ಭಾರದ ಸುಮಾರು ಮೂರನೇ ಒಂದು ಪಾಲನ್ನು ತಾನೊಂದೇ ಹೊರುತ್ತದೆ. ಬಿರುಕು ಹುಟ್ಟುವುದು ಹೆಚ್ಚಾಗಿ ಅಲ್ಲೇ, ಇಲ್ಲವೆ ತಲೆ ಮತ್ತು ಕಾಂಡ ಸೇರುವ ಮೂಲೆಯಲ್ಲಿ.

ಎಷ್ಟು ಬಿಗಿದರೆ ಸಾಕು ಎಂದು ತಿಳಿಯುವುದು ಸುಲಭವಲ್ಲ. ಸ್ಪ್ಯಾನರಿಗೆ ಹಾಕಿದ ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಜಗ್ಗಿಸಲು ಹೋಗುತ್ತದೆ. ಉಳಿದ ಒಂಬತ್ತು ಪಾಲು ನಟ್ಟಿನ ಅಡಿಯ ಮತ್ತು ಎಳೆಗಳ ನಡುವಿನ ತಿಕ್ಕಾಟಕ್ಕೆ ಖರ್ಚು. ಸೈಟಿನಲ್ಲಿ ಮಳೆಗೆ ನೆನೆದು ಕೆಂಪಗಾದ ಬೋಲ್ಟು, ಸಿಮೆಂಟು ಧೂಳು ಮೆತ್ತಿದ ನಟ್ಟು ಈ ಲೆಕ್ಕವನ್ನು ಪೂರ್ತಿ ಕೆಡಿಸುತ್ತವೆ. ತಿರುಗಿಸುವ ಬಲವನ್ನು ಅಳೆಯುವ ಟಾರ್ಕ್ ರೆಂಚು ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಬೋಲ್ಟು ಮಾತ್ರ ಅರ್ಧವೂ ಜಗ್ಗಿರುವುದಿಲ್ಲ. ಅದಕ್ಕೇ ಗಟ್ಟಿ ಬೋಲ್ಟುಗಳ ಬಗೆಗಿನ ಭಾರತೀಯ ಮಾನಕ ಐಎಸ್ 4000 ಸೇರಿದಂತೆ ಹಲವು ನಿಯಮಾವಳಿಗಳು ನಟ್ಟಿನ ಸುತ್ತನ್ನು ಎಣಿಸುವ ಪದ್ಧತಿಗೂ ಜಾಗ ಕೊಟ್ಟಿವೆ: ಮೊದಲು ತಗಡುಗಳು ಒಂದಕ್ಕೊಂದು ತಾಗುವಷ್ಟು ಬಿಗಿದು, ಗುರುತು ಹಾಕಿಕೊಂಡು, ಅಲ್ಲಿಂದ ನಿಗದಿತ ಪಾಲು ತಿರುಗಿಸುವುದು. ಸೀಮೆಸುಣ್ಣದ ಆ ಗುರುತನ್ನು ತಪಾಸಣೆಗೆ ಬಂದವರೂ ನೋಡಿ ಹೇಳಬಹುದು. ಟಾರ್ಕ್ ರೆಂಚಿನ ಅಂಕಿಗಿಂತ ಇದು ಎಷ್ಟೋ ಪ್ರಾಮಾಣಿಕ.

ಬಿಗಿದದ್ದು ತಾನಾಗಿ ಸಡಿಲವಾಗುವುದೂ ಉಂಟು. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಬೋಲ್ಟಿನ ಉದ್ದಕ್ಕೆ ಬರುವ ನಡುಕಕ್ಕಿಂತ ಅಡ್ಡಕ್ಕೆ ಬರುವ ಜಾರುವಿಕೆಯೇ ನಟ್ಟನ್ನು ಬಿಚ್ಚುತ್ತದೆ ಎಂದು ತೋರಿಸಿದವು. ನಮ್ಮ ಅಂಗಡಿಗಳಲ್ಲಿ ಕಣ್ಣುಮುಚ್ಚಿ ಕೊಡುವ ಸ್ಪ್ರಿಂಗ್ ವಾಷರ್ ಇಂಥ ಪರೀಕ್ಷೆಯಲ್ಲಿ ಹೆಚ್ಚೇನೂ ನೆರವಾಗುವುದಿಲ್ಲ. ಆದರೂ ಅದನ್ನು ಹಾಕಿದ ಮೇಲೆ ಎಲ್ಲರಿಗೂ ಒಂದು ಸಮಾಧಾನ.

ಗಾಳಿಯ ದಣಿವು ಬೋಲ್ಟಿನ ಕಾಂಡವನ್ನೇ ಮುರಿಯಬೇಕೆಂದಿಲ್ಲ, ಅದರ ಸುತ್ತಲಿನ ತಗಡನ್ನು ಹರಿದರೂ ಸಾಕು. 1974ರ ಕ್ರಿಸ್‌ಮಸ್ ದಿನ ಆಸ್ಟ್ರೇಲಿಯಾದ ಡಾರ್ವಿನ್ ನಗರಕ್ಕೆ ಬಡಿದ ಟ್ರೇಸಿ ಚಂಡಮಾರುತದ ಪಾಠ ಇದೇ. ವಿಮಾನ ನಿಲ್ದಾಣದ ಗಾಳಿಮಾಪಕ ಗಂಟೆಗೆ 217 ಕಿಲೋಮೀಟರ್ ತೋರಿಸಿ ಕೆಟ್ಟುನಿಂತಿತು. ಊರಿನ ಸುಮಾರು ಶೇಕಡಾ 70ರಷ್ಟು ಮನೆಗಳು ನಾಶವಾದವು. ಛಾವಣಿಯ ಶೀಟುಗಳನ್ನು ಸ್ಕ್ರೂ ಸಮೇತ ಕಿತ್ತ ಕಡೆಗಿಂತ, ಸ್ಕ್ರೂಗಳನ್ನು ಶೀಟಿನಡಿಯ ಅಡ್ಡತೊಲೆಯಲ್ಲೇ (ಪರ್ಲಿನ್) ಬಿಟ್ಟು ಶೀಟು ಮಾತ್ರ ಹಾರಿಹೋದ ಕಡೆಗಳು ತನಿಖೆಗೆ ಬಂದವರ ಗಮನ ಸೆಳೆದವು. ಗಾಳಿ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದಾಗ ಸ್ಕ್ರೂ ತಲೆಯ ಸುತ್ತ ತೆಳು ಉಕ್ಕಿನಲ್ಲಿ ನಕ್ಷತ್ರದಂತೆ ಸೀಳುಗಳು ಮೂಡಿ, ಕೊನೆಗೆ ಶೀಟು ತಲೆಯ ಮೇಲಿಂದಲೇ ಕಳಚಿಕೊಂಡಿತ್ತು. ಒಂದೇ ಸಲ ಜಗ್ಗಿ ನೋಡುವ ಹಳೆಯ ಪರೀಕ್ಷೆಯಲ್ಲಿ ಆ ಶೀಟು ಪಾಸಾಗಿತ್ತು. ಅಂದಿನಿಂದ ಆಸ್ಟ್ರೇಲಿಯಾದಲ್ಲಿ ಛಾವಣಿಗಳನ್ನು ಸಾವಿರಾರು ಸಲ ಎಳೆದು ಬಿಟ್ಟು ಪರೀಕ್ಷಿಸುವ ಕ್ರಮ ಬಂತು. ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಕೇಂದ್ರವೊಂದು ಹುಟ್ಟಿತು.

ಕರ್ನಾಟಕದ ಶೀಟಿನ ಛಾವಣಿಗಳಿಗೂ ಈ ಮಾತು ಸಲ್ಲುತ್ತದೆ. ಹಿಂದೆ ಪೈಪಿಗೆ ಜೆ ಆಕಾರದ ಹುಕ್ಕು ಬೋಲ್ಟು ಸಿಕ್ಕಿಸಿ, ಟಾರಿನ ವಾಷರು ಇಟ್ಟು ನಟ್ಟು ಬಿಗಿಯುತ್ತಿದ್ದರು. ಈಗ ಡ್ರಿಲ್ಲಿಗೆ ಸಿಕ್ಕಿಸಿ ಒಂದೇ ಏಟಿಗೆ ಕೂರಿಸುವ ಸ್ಕ್ರೂಗಳು. ಸ್ಕ್ರೂವಿನ ತಲೆಯಡಿ ಇರುವ ಕಪ್ಪು ರಬ್ಬರು ವಾಷರನ್ನು ನೋಡಿದರೆ ಕೆಲಸದವನ ಕೈ ಹೇಗಿತ್ತೆಂದು ತಿಳಿಯುತ್ತದೆ. ಲೋಹದ ಬಿಲ್ಲೆಯ ಅಂಚಿನಿಂದ ರಬ್ಬರು ಇಷ್ಟೇ ಇಷ್ಟು ಉಬ್ಬಿ ಕಂಡರೆ ಸರಿ. ತುಟಿಯಂತೆ ಹೊರಗೆ ಚಾಚಿದ್ದರೆ ಬಿಗಿ ಹೆಚ್ಚಾಗಿದೆ: ಒಂದೆರಡು ಬೇಸಗೆಯ ಬಿಸಿಲಿಗೆ ರಬ್ಬರು ಸೀಳುತ್ತದೆ, ನೀರು ಇಳಿಯುತ್ತದೆ, ಸ್ಕ್ರೂವಿನ ಕಾಂಡ ಕಾಣದ ಕಡೆ ತುಕ್ಕು ತಿನ್ನುತ್ತದೆ. ಓರೆಯಾಗಿ ಹೊಡೆದದ್ದಾದರೆ ಮೊದಲ ಮಳೆಗೇ ಸೋರಿಕೆ. ಛಾವಣಿಯ ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಹೀರುವಿಕೆ ನಡುಭಾಗಕ್ಕಿಂತ ಬಹಳ ಹೆಚ್ಚು, ಅಲ್ಲಿ ಸ್ಕ್ರೂಗಳನ್ನು ಒತ್ತೊತ್ತಾಗಿ ಹಾಕಬೇಕು. ಎಲ್ಲ ಕಡೆಯೂ ಒಂದೇ ಅಂತರ ಹಿಡಿದು ಹಾಕಿದ ಛಾವಣಿಗಳೇ ಹೆಚ್ಚು, ಅವು ಏಳುವುದೂ ಮೂಲೆಯಿಂದಲೇ.

ಮರದ ಕೆಲಸದ ಕತೆ ಬೇರೆಯಲ್ಲ. 1992ರ ಆಗಸ್ಟಿನಲ್ಲಿ ಫ್ಲೋರಿಡಾವನ್ನು ಹೊಕ್ಕ ಆಂಡ್ರ್ಯೂ ಚಂಡಮಾರುತದಲ್ಲಿ ಹಾರಿಹೋದ ಛಾವಣಿಯ ಹಲಗೆಗಳನ್ನು ತಿರುವಿ ನೋಡಿದಾಗ, ಗನ್ನಿನಿಂದ ಹೊಡೆದ ಎಷ್ಟೋ ಮೊಳೆಗಳು ಕೆಳಗಿನ ತೊಲೆಗೆ ತಗಲದೆ ಗಾಳಿಯಲ್ಲೇ ನಿಂತಿದ್ದುದು ಕಂಡಿತು. ಸುತ್ತಿಗೆಯಲ್ಲಿ ಹೊಡೆಯುವವನಿಗೆ ಮೊಳೆ ಮರ ಕಚ್ಚಿತೋ ಇಲ್ಲವೋ ಎಂಬುದು ಕೈಗೇ ಗೊತ್ತಾಗುತ್ತದೆ; ಗನ್ನಿಗೆ ಗೊತ್ತಾಗುವುದಿಲ್ಲ. ಇನ್ನು ಜಿಪ್ಸಂ ಬೋರ್ಡಿಗೆಂದು ಮಾಡಿದ ಕಪ್ಪು ಸ್ಕ್ರೂಗಳಲ್ಲಿ ಭಾರದ ಶೆಲ್ಫು, ಪೆರ್ಗೋಲ ನೇತುಹಾಕುವ ಅಭ್ಯಾಸ ಎಲ್ಲ ದೇಶಗಳಲ್ಲೂ ಇದೆ. ಅವು ಗಟ್ಟಿಯಾಗಿ ಕಾಣುತ್ತವೆ, ಆದರೆ ಬಾಗುವ ಗುಣವಿಲ್ಲ; ಅಡ್ಡ ಭಾರ ಬಿದ್ದರೆ ಮುನ್ಸೂಚನೆ ಕೊಡದೆ ಪಟ್ಟನೆ ತುಂಡಾಗುತ್ತವೆ.

ತುಕ್ಕಿನ ವಿಷಯಕ್ಕೆ ಬಂದರೆ ಗ್ರೀಸಿನ ಪಾರ್ಥೆನಾನ್ ಒಂದು ವಿಚಿತ್ರ ಸಾಕ್ಷಿ. ಕ್ರಿಸ್ತಪೂರ್ವ ಐದನೆಯ ಶತಮಾನದ ಕಲ್ಲುಕುಟಿಗರು ಅಮೃತಶಿಲೆಯ ದಿಮ್ಮಿಗಳನ್ನು ಕಬ್ಬಿಣದ ಪಟ್ಟಿಗಳಿಂದ ಜೋಡಿಸಿ, ಸುತ್ತಲೂ ಕರಗಿಸಿದ ಸೀಸ ಹೊಯ್ದಿದ್ದರು. ಸೀಸ ನೀರನ್ನು ತಡೆಯಿತು, ಅಲುಗಾಟವನ್ನೂ ನುಂಗಿಕೊಂಡಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜೀರ್ಣೋದ್ಧಾರ ನಡೆಸಿದ ನಿಕೊಲಾವೋಸ್ ಬಲಾನೋಸ್ ಅವರ ಕಾಲದಲ್ಲಿ ಹೊಸ ಕಬ್ಬಿಣ ಹಾಕಿದರು, ಸೀಸ ಬಿಟ್ಟರು. ತುಕ್ಕು ಹಿಡಿದ ಕಬ್ಬಿಣ ಮೂಲಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಕೆಲವೇ ದಶಕಗಳಲ್ಲಿ ಅದು ಅಮೃತಶಿಲೆಯನ್ನು ಒಳಗಿಂದ ಸೀಳತೊಡಗಿತು. 1975ರ ನಂತರದ ಕೆಲಸದಲ್ಲಿ ಆ ಪಟ್ಟಿಗಳನ್ನೆಲ್ಲ ಕಿತ್ತು ಟೈಟೇನಿಯಂ ಹಾಕುತ್ತ ಬಂದಿದ್ದಾರೆ. ಎರಡೂವರೆ ಸಾವಿರ ವರ್ಷದ ಹಳೆಯ ಕೆಲಸಕ್ಕಿಂತ ನೂರು ವರ್ಷದ ರಿಪೇರಿಯೇ ಹೆಚ್ಚು ಹಾನಿ ಮಾಡಿತ್ತು.

ಎರಡು ಬೇರೆ ಲೋಹಗಳು ತೇವದಲ್ಲಿ ಒಂದಕ್ಕೊಂದು ತಾಗಿದರೆ ಒಂದು ಇನ್ನೊಂದಕ್ಕಾಗಿ ಸವೆಯುತ್ತದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ತಾಮ್ರದ ಹೊದಿಕೆಯನ್ನು ಒಳಗಿನ ಕಬ್ಬಿಣದ ಪಟ್ಟಿಗಳು ಹೊತ್ತಿದ್ದವು. ನಡುವೆ ಅರಗಿನಲ್ಲಿ ಅದ್ದಿದ ಕಲ್ನಾರು. ಕಲ್ನಾರು ಸವೆದು ನೀರು ಹೀರುತ್ತಲೇ ಕಬ್ಬಿಣ ಉಬ್ಬಿತು, ತಾಮ್ರದ ರಿವೆಟ್ಟುಗಳು ಕಿತ್ತು ಬಂದವು. 1986ರ ಶತಮಾನೋತ್ಸವದ ಹೊತ್ತಿಗೆ ಆ ಪಟ್ಟಿಗಳನ್ನು ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಿದರು. ಇಲ್ಲಿ ಗಾತ್ರದ ಅನುಪಾತವೂ ಮುಖ್ಯ. ದೊಡ್ಡ ತಾಮ್ರದ ತಗಡಿಗೆ ಹೊಡೆದ ಸಣ್ಣ ಕಬ್ಬಿಣದ ಮೊಳೆ ಬೇಗ ಕರಗಿಹೋಗುತ್ತದೆ. ಕಬ್ಬಿಣದ ತಗಡಿಗೆ ಹೊಡೆದ ತಾಮ್ರದ ಮೊಳೆಯಿಂದ ಅಷ್ಟು ಕೆಡುಕಿಲ್ಲ. ಬೇಗ ಸವೆಯುವ ಲೋಹ ಬಳಸುವುದೇ ಆದರೆ ಅದು ಫಾಸ್ಟನರಿನಲ್ಲಿ ಇರಕೂಡದು.

ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಉಪ್ಪುಗಾಳಿ ಈ ಸವೆತವನ್ನೆಲ್ಲ ಚುರುಕುಗೊಳಿಸುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಜಿಐ ಎಂದು ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ವಿದ್ಯುತ್ತಿನಿಂದ ಸತು ಲೇಪಿಸಿದ ಥಳಥಳಿಸುವ ಮಾಲು; ಅದರ ಲೇಪ ಹತ್ತು ಮೈಕ್ರಾನಿನ ಆಸುಪಾಸು. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಬೋಲ್ಟು ಮಂಕಾಗಿ, ಒರಟಾಗಿ ಕಾಣುತ್ತದೆ, ಆದರೆ ಲೇಪ ಅದರ ನಾಲ್ಕೈದು ಪಟ್ಟು ದಪ್ಪ. ಹೊಳೆಯುವುದನ್ನೇ ಒಳ್ಳೆಯದೆಂದು ಆರಿಸುವ ಮನೆಯವರು ಕಡಲ ಪಕ್ಕದಲ್ಲಿ ಇದರ ಬೆಲೆ ತೆರುತ್ತಾರೆ. ಸ್ಟೇನ್‌ಲೆಸ್ ಬೇಕೆಂದರೂ 304 ದರ್ಜೆ ಕಡಲ ಅಂಚಿಗೆ ಸಾಲದು. ಮಾಲಿಬ್ಡಿನಂ ಬೆರೆಸಿದ 316 ವಾಸಿ.

ಸ್ಟೇನ್‌ಲೆಸ್ ಎಂದರೆ ಚಿಂತೆಯಿಲ್ಲ ಎಂಬ ನಂಬಿಕೆಯನ್ನು ಸ್ವಿಟ್ಜರ್‌ಲೆಂಡಿನ ಊಸ್ಟರ್ ಮುರಿಯಿತು. ಅಲ್ಲಿನ ಒಳಾಂಗಣ ಈಜುಕೊಳದ ಕಾಂಕ್ರೀಟು ತೂಗುಛಾವಣಿ 1985ರ ಮೇ 9ರಂದು ಕುಸಿದು 12 ಜನ ಸತ್ತರು. ಕಟ್ಟಡಕ್ಕೆ ಆಗ ಬರೀ 13 ವರ್ಷ. ಛಾವಣಿಯನ್ನು ಹಿಡಿದಿದ್ದ ಸ್ಟೇನ್‌ಲೆಸ್ ಸರಳುಗಳು ಹೊರಗೆ ಸಣಕಲಾಗಿರಲಿಲ್ಲ, ಕೆಂಪು ತುಕ್ಕು ಸುರಿಸಿರಲಿಲ್ಲ. ನೀರಿಗೆ ಹಾಕಿದ ಕ್ಲೋರಿನ್ ಗಾಳಿಯಲ್ಲಿ ಮೇಲೇರಿ ಸರಳಿನ ಮೇಲೆ ಕೂತಿತ್ತು. ಕೆಳಗಿನ ಕಂಬಿ, ಏಣಿಗಳನ್ನು ದಿನವೂ ತೊಳೆಯುತ್ತಾರೆ, ಛಾವಣಿಯ ಮೇಲಕ್ಕೆ ಯಾರೂ ಹೋಗುವುದಿಲ್ಲ. ಸದಾ ಎಳೆತದಲ್ಲಿರುವ ಲೋಹಕ್ಕೆ ಕ್ಲೋರೈಡು ಸೇರಿದಾಗ ಕಣ್ಣಿಗೆ ಕಾಣದ ಕವಲು ಬಿರುಕುಗಳು ಒಳಕ್ಕೆ ಹಬ್ಬುತ್ತವೆ.

ಇದಕ್ಕಿಂತಲೂ ಮೋಸದ ಕಾಯಿಲೆ ಹೈಡ್ರೋಜನ್ನಿನದು. ಉಕ್ಕು ಗಟ್ಟಿಯಾದಷ್ಟೂ ಈ ಅಪಾಯ ಹೆಚ್ಚು. ಲೇಪ ಹಾಕುವ ಮುಂಚೆ ಆಮ್ಲದಲ್ಲಿ ತೊಳೆಯುವಾಗಲೋ, ಆಮೇಲೆ ನೀರಿನಲ್ಲಿ ನಿಂತು ಸವೆಯುವಾಗಲೋ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕು, ಎಳೆತ ಹೆಚ್ಚಿರುವ ಕಡೆ ಸೇರಿಕೊಳ್ಳುತ್ತದೆ. ಬಿಗಿದ ದಿನ ಏನೂ ಆಗುವುದಿಲ್ಲ. ಗಂಟೆಗಳೋ ವಾರಗಳೋ ಕಳೆದ ಮೇಲೆ ಬೋಲ್ಟು ಗಾಜಿನಂತೆ ಒಡೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಹೊಸ ಸೇತುವೆಯಲ್ಲಿ 2013ರ ಮಾರ್ಚಿನಲ್ಲಿ, ಮೂರು ಇಂಚು ದಪ್ಪದ 96 ಆಂಕರ್ ಸರಳುಗಳನ್ನು ಬಿಗಿದ ಕೆಲವೇ ದಿನಗಳಲ್ಲಿ 32 ಮುರಿದವು. ಸತು ಲೇಪಿಸಿದ ಆ ಸರಳುಗಳು ಐದು ವರ್ಷ ಹಿಂದೆಯೇ ಕಾಂಕ್ರೀಟಿನ ತೂತಿಗಿಳಿದು, ಮಳೆನೀರು ನಿಂತ ಜಾಗದಲ್ಲಿ ಬಿಗಿಯುವ ದಿನಕ್ಕಾಗಿ ಕಾದಿದ್ದವು. ಮುರಿದದ್ದನ್ನು ಹೊರಗೆಳೆಯಲು ಜಾಗವಿಲ್ಲದ್ದರಿಂದ ಉಕ್ಕಿನ ಜೀನು ಮತ್ತು ಕೇಬಲ್ಲು ಹಾಕಿ ಹೊಸ ಹಿಡಿತ ಕಟ್ಟಬೇಕಾಯಿತು. ಮರುವರ್ಷ ಲಂಡನ್ನಿನ 224 ಮೀಟರ್ ಎತ್ತರದ ಲೆಡನ್‌ಹಾಲ್ ಕಟ್ಟಡದಲ್ಲಿ ತೋಳಿನಷ್ಟು ದಪ್ಪದ ಬೋಲ್ಟುಗಳು ಒಡೆದವು. ಕಾರಣ ಅದೇ, ಸಂಶಯ ಬಂದ ಬೋಲ್ಟುಗಳನ್ನೆಲ್ಲ ಬದಲಾಯಿಸಿದರು. ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಎಂದು ಕೆತ್ತಿರುವ ಅಂಕಿಗಳಲ್ಲಿ ಮೊದಲನೆಯದು ಹರಿಯುವ ಬಲವನ್ನು ನೂರರ ಲೆಕ್ಕದಲ್ಲಿ ಹೇಳುತ್ತದೆ, ಎರಡನೆಯದು ಅದರ ಎಷ್ಟು ಪಾಲಿಗೆ ಉಕ್ಕು ಶಾಶ್ವತವಾಗಿ ಜಗ್ಗತೊಡಗುತ್ತದೆ ಎಂಬುದನ್ನು. ಅಂಕಿ ದೊಡ್ಡದಿದ್ದರೆ ಮೇಲು ಎಂಬ ಅಂಗಡಿಯ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ಆ ಅಂಕಿಗಳನ್ನೂ ಸುಮ್ಮನೆ ನಂಬುವ ಹಾಗಿಲ್ಲ. 1980ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಸುಳ್ಳು ಗುರುತಿನ ಕೀಳು ಬೋಲ್ಟುಗಳು ಎಷ್ಟು ಬಂದವೆಂದರೆ, 1990ರಲ್ಲಿ ಅಲ್ಲಿನ ಸಂಸತ್ತು ಬೋಲ್ಟುಗಳ ಗುಣಮಟ್ಟಕ್ಕೆಂದೇ ಕಾನೂನು ಮಾಡಿತು.

ಬೆಂಕಿಯಲ್ಲೂ ಬೋಲ್ಟೇ ಮೊದಲು ಬಲ ಕಳೆದುಕೊಳ್ಳುತ್ತದೆ. ಶಾಖ ಕೊಟ್ಟು ಹದ ಮಾಡಿದ ಉಕ್ಕು ಮತ್ತೆ ಶಾಖ ಕಂಡರೆ ಹದ ಕಳೆದುಕೊಳ್ಳುತ್ತದೆ: ಯೂರೋಪಿನ ನಿಯಮಾವಳಿಯ ಪ್ರಕಾರ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಮಾನ್ಯ ತೊಲೆಗೆ ಅರ್ಧದ ಹತ್ತಿರ ಬಲ ಉಳಿದಿದ್ದರೆ, ಬೋಲ್ಟಿಗೆ ಶೇಕಡಾ 22 ಮಾತ್ರ. ತಣಿಯುವಾಗ ಕುಗ್ಗುವ ತೊಲೆ ಕೀಲನ್ನು ಎಳೆದು ಹರಿಯುವುದೂ ಉಂಟು.

ಗೋಡೆ, ಕಾಂಕ್ರೀಟುಗಳಲ್ಲಿ ಹೂತದ್ದು ಸೋತಾಗ ದೋಷ ಹೆಚ್ಚಾಗಿ ತೂತಿನಲ್ಲಿರುತ್ತದೆ. ಅಂಟಿನಿಂದ ಕೂರಿಸುವ ಕೆಮಿಕಲ್ ಆಂಕರ್ ಹಾಕುವಾಗ ಕೊರೆದ ತೂತನ್ನು ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ, ಮತ್ತೆ ಉಜ್ಜಿ ಊದಬೇಕು. ಇಲ್ಲದಿದ್ದರೆ ಅಂಟು ಹಿಡಿಯುವುದು ಧೂಳನ್ನು, ಕಾಂಕ್ರೀಟನ್ನಲ್ಲ. ಕೊರೆಯುವಾಗ ಕಂಬಿ ಅಡ್ಡ ಬಂದರೆ ತೂತು ಗಿಡ್ಡವಾಗಿಯೇ ಉಳಿಯುತ್ತದೆ, ಹೆಚ್ಚಿದ ಸರಳನ್ನು ಕತ್ತರಿಸಿದರೆ ಹೊರಗಿನಿಂದ ಎಲ್ಲ ಒಂದೇ ತರ. ಸ್ಕಾಟ್‌ಲೆಂಡಿನ ಎಡಿನ್‌ಬರೊದಲ್ಲಿ 2016ರ ಜನವರಿ 29ರ ಮುಂಜಾನೆ ಆಕ್ಸ್‌ಗ್ಯಾಂಗ್ಸ್ ಪ್ರಾಥಮಿಕ ಶಾಲೆಯ ಸುಮಾರು 9 ಟನ್ ಇಟ್ಟಿಗೆ ಗೋಡೆ ಗಾಳಿಗೆ ಉರುಳಿತು. ಒಳಗೋಡೆ ಹೊರಗೋಡೆಗಳನ್ನು ಕಟ್ಟಿಹಾಕುವ ಕಂಬಿಗಳು ಗಾರೆಯೊಳಗೆ ಬೇಕಾದಷ್ಟು ಆಳ ಹೋಗಿರಲಿಲ್ಲ. ಮಕ್ಕಳು ಇನ್ನೂ ಬಂದಿರಲಿಲ್ಲ. ಹುಡುಕಿದಾಗ ಇಂಥ ಕೊರತೆಗಳು ಇನ್ನೂ ಹಲವು ಕಡೆ ಸಿಕ್ಕಿ 17 ಶಾಲೆಗಳನ್ನು ಮುಚ್ಚಬೇಕಾಯಿತು.

ಬಾಸ್ಟನ್ನಿನಲ್ಲಿ ತೂತು ಸರಿಯಿತ್ತು, ಅಂಟು ತಪ್ಪಿತ್ತು. 2006ರ ಜುಲೈ 10ರಂದು ಅಲ್ಲಿನ ಹೆದ್ದಾರಿ ಸುರಂಗದ ಕಾಂಕ್ರೀಟು ಹಲಗೆಗಳು ಕಾರೊಂದರ ಮೇಲೆ ಬಿದ್ದು ಮಹಿಳೆಯೊಬ್ಬರು ಸತ್ತರು. ಬಳಸಿದ ಎಪಾಕ್ಸಿ ಬೇಗ ಗಟ್ಟಿಯಾಗುವ ಜಾತಿಯದು. ಸದಾ ಜೋತ ಭಾರಕ್ಕೆ ಅದು ನಿಧಾನವಾಗಿ ಹರಿಯುತ್ತ ಹೋಗುತ್ತದೆ. ಸ್ವಲ್ಪ ಹೊತ್ತು ಜಗ್ಗಿ ನೋಡುವ ಪರೀಕ್ಷೆಯಲ್ಲಿ ಅದು ಚೆನ್ನಾಗಿಯೇ ನಿಂತಿತ್ತು. 1999ರಲ್ಲೇ ಕೆಲವು ಆಂಕರುಗಳು ಕೆಳಕ್ಕೆ ಜಾರಿದ್ದುದನ್ನು ಕಂಡಿದ್ದರೂ ಅದರ ಅರ್ಥ ಯಾರಿಗೂ ಹೊಳೆಯಲಿಲ್ಲ.

ಜಪಾನಿನ ಸಸಾಗೊ ಸುರಂಗದಲ್ಲಿ, 2012ರ ಡಿಸೆಂಬರ್ 2ರಂದು, ಒಂದೊಂದು ಟನ್ನಿಗೂ ಹೆಚ್ಚು ಭಾರದ ಹಲಗೆಗಳು ಕಳಚಿ 9 ಜನ ಸತ್ತರು. 1977ರಲ್ಲಿ ತೆರೆದ ಸುರಂಗ ಅದು. ಅಂಟಿನಿಂದ ಕೂರಿಸಿದ ಆಂಕರುಗಳು ಮೂವತ್ತೈದು ವರ್ಷದಲ್ಲಿ ಹಿಡಿತ ಕಳೆದುಕೊಂಡಿದ್ದವು. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿಯಿರುವುದು ಖಣ್ ಎನ್ನುತ್ತದೆ, ಸಡಿಲವಾದದ್ದು ಟೊಳ್ಳು ಸದ್ದು ಕೊಡುತ್ತದೆ. ಛಾವಣಿಯ ಮೇಲ್ತುದಿಯ ಆ ಬೋಲ್ಟುಗಳನ್ನು 2000ದ ನಂತರ ಯಾರೂ ತಟ್ಟಿರಲಿಲ್ಲ. ಅಷ್ಟೆತ್ತರಕ್ಕೆ ಏರದೆ ಕೆಳಗಿನಿಂದ ಕಣ್ಣಲ್ಲಿ ನೋಡಿ ಬರೆದುಕೊಳ್ಳುತ್ತಿದ್ದರು. 2014ರಿಂದ ಜಪಾನಿನಲ್ಲಿ ಸುರಂಗ, ಸೇತುವೆಗಳನ್ನು ಐದು ವರ್ಷಕ್ಕೊಮ್ಮೆ ಕೈಗೆಟುಕುವಷ್ಟು ಹತ್ತಿರ ಹೋಗಿ ಪರೀಕ್ಷಿಸುವುದು ಕಡ್ಡಾಯ. ಸಸಾಗೊದಲ್ಲಂತೂ ಆ ಹಲಗೆಗಳನ್ನು ಮತ್ತೆ ನೇತುಹಾಕಲಿಲ್ಲ. ಗಾಳಿಯಾಡಿಸಲು ಬೇರೆ ಫ್ಯಾನುಗಳನ್ನು ಕೂರಿಸಿ, ಉಳಿದ ಹಲಗೆಗಳನ್ನೂ ಇಳಿಸಿಬಿಟ್ಟರು.